ಮುಂಬೈನಲ್ಲಿ ಬಿರುಗಾಳಿಯ ಬೆನ್ನು ಹತ್ತೋದು ಹೇಗೆ? 2024ರ ಮೇ 13ರ ಕಥೆ

ಅಮೆರಿಕದ ಓಕ್ಲಹೋಮಾ, ಕಾನ್ಸಾಸ್ ಬಯಲಲ್ಲಿ ಕಾರು ಹತ್ತಿ ಬಿರುಗಾಳಿ ಬೆನ್ನಟ್ಟೋ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಅಲ್ಲಿ ನೆಲ ರೊಟ್ಟಿ ತಟ್ಟಿದ ಹಾಗೆ ಸಪಾಟು, ರಸ್ತೆ ಗೆರೆ ಎಳೆದ ಹಾಗೆ ನೇರ, ಮೋಡ ಎಷ್ಟೋ ದೂರದಿಂದ್ಲೇ ಕಾಣುತ್ತೆ. ಹಾಗಂತ ಅದು ಹುಡುಗಾಟ ಅಲ್ಲ. 2013ರ ಮೇ 31ರಂದು ಎಲ್ ರೆನೊ ಊರಿನ ಹತ್ತಿರ ಎದ್ದ ಸುಂಟರಗಾಳಿಯ ಅಗಲ ಸುಮಾರು 4.2 ಕಿಲೋಮೀಟರ್ ಇತ್ತು. ವರ್ಷಗಟ್ಟಲೆ ಸುಂಟರಗಾಳಿ ಅಳೆದು ಪಳಗಿದ್ದ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅವತ್ತು ತೀರಿಕೊಂಡರು.

ನಮ್ಮ ಮುಂಬೈನಲ್ಲಿ? ಸಂಜೆ ಐದಕ್ಕೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಮುಂದಿರೋ ರಿಕ್ಷಾವನ್ನೂ ಹಿಡಿಯೋಕಾಗಲ್ಲ, ಬಿರುಗಾಳಿ ದೂರದ ಮಾತು. ಇಲ್ಲಿ ಅದೇ ನಮ್ಮನ್ನ ಹುಡುಕ್ಕೊಂಡು ಬರುತ್ತೆ. ನಾವು ಮಾಡಬಹುದಾದದ್ದು ಆಫೀಸಿನ ಕಿಟಕಿ ಮತ್ತು ರಾಡಾರ್ ಚಿತ್ರ, ಎರಡನ್ನೂ ಓದೋದು.

2024ರ ಮೇ 13, ಸೋಮವಾರ. ಊರಿನ ಲೆಕ್ಕದಲ್ಲಿ ಕೃತ್ತಿಕಾ ಮಳೆ ಶುರುವಾಗೋ ದಿನಗಳು. ಮಧ್ಯಾಹ್ನದ ತನಕ ಅದೇ ಬೆವರು, ಅದೇ ಸೆಕೆ. ನಾಲ್ಕರ ಸುಮಾರಿಗೆ ಆಕಾಶ ಕಂದು ಬಣ್ಣಕ್ಕೆ ತಿರುಗಿತು, ಎದುರಿನ ಟವರ್ ಧೂಳಲ್ಲಿ ಮಾಯವಾಯ್ತು. ವಿಮಾನ ನಿಲ್ದಾಣದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಹಾರಾಟ ನಿಂತಿತು. ಠಾಣೆ–ಮುಲುಂಡ್ ನಡುವೆ ಓವರ್‌ಹೆಡ್ ವೈರಿನ ಕಂಬ ಬಾಗಿ ಲೋಕಲ್ ನಿಂತಿತು. ಘಾಟ್ಕೋಪರ್‌ನ ಛೇಡಾ ನಗರದಲ್ಲಿ ದೊಡ್ಡ ಹೋರ್ಡಿಂಗ್ ಪೆಟ್ರೋಲ್ ಬಂಕಿನ ಮೇಲೆ ಬಿತ್ತು. 17 ಜನ ಸತ್ತರು, 70ಕ್ಕೂ ಹೆಚ್ಚು ಜನರಿಗೆ ಗಾಯ. ಪೆಟ್ರೋಲ್ ಹಾಕಿಸೋಕೆ ನಿಂತಿದ್ದವರು, ಬಂಕಿನಲ್ಲಿ ಕೆಲಸಕ್ಕಿದ್ದವರು.

ಈಗ ವಿಷಯಕ್ಕೆ ಬರೋಣ. ಮಳೆ ಬರೋಕ್ಕೂ ಮೊದಲೇ ಅಷ್ಟು ಗಾಳಿ ಹೇಗೆ ಬಂತು?

ಮೇ ತಿಂಗಳಲ್ಲಿ ನೆಲ ಕಾದ ಹೆಂಚು. ಮಧ್ಯಾಹ್ನ ಸಮುದ್ರದಿಂದ ತೇವದ ಗಾಳಿ ಒಳಗೆ ನುಗ್ಗುತ್ತೆ. ಕಲ್ಯಾಣ, ಬದ್ಲಾಪುರ, ಕರ್ಜತ್ ದಾಟಿ ಘಟ್ಟಕ್ಕೆ ತಾಗಿದಾಗ ಅದು ಮೇಲೆ ಏರಲೇಬೇಕು. ಏರಿದ ಗಾಳಿ ತಣ್ಣಗಾಗಿ ಗುಡುಗಿನ ಮೋಡ ಆಗುತ್ತೆ. ಆ ಮೋಡದಿಂದ ಬೀಳೋ ಹನಿ ಕೆಳಗಿನ ಒಣ ಗಾಳಿಯಲ್ಲಿ ಅರ್ಧ ದಾರೀಲೇ ಆವಿಯಾಗುತ್ತೆ. ಮಡಕೆಯ ನೀರು ತಣ್ಣಗಾಗೋದು ಹೇಗೆ? ಹೊರಗೆ ಒಸರಿದ ನೀರು ಆವಿಯಾಗ್ತಾ ಮಡಕೆಯ ಶಾಖ ಕಿತ್ಕೊಳ್ಳುತ್ತೆ. ಇಲ್ಲೂ ಅದೇ. ಗಾಳಿ ತಣ್ಣಗಾಗಿ, ಭಾರವಾಗಿ, ಧೊಪ್ಪಂತ ಕೆಳಗೆ ಬೀಳುತ್ತೆ. ನೆಲಕ್ಕೆ ಬಡಿದ ಮೇಲೆ ಹೋಗೋಕೆ ಜಾಗ ಬೇಕಲ್ಲ, ನಾಲ್ಕೂ ಕಡೆ ಹರಡುತ್ತೆ. ಬಕೆಟ್ ನೀರು ಅಂಗಳಕ್ಕೆ ಚೆಲ್ಲಿದ ಹಾಗೆ. ಆ ಹರಿವಿನ ಮೂತಿಯೇ ಮೊದಲು ಬರೋ ಗಾಳಿ. ಮಳೆ ಹಿಂದೆ ಉಳಿದಿರುತ್ತೆ. ದಾರೀಲಿ ಕಟ್ಟಡ ಕೆಲಸದ ಧೂಳು ಸಿಕ್ಕರೆ ಎತ್ತಿಕೊಂಡೇ ಬರುತ್ತೆ, ಮುಂಬೈನಲ್ಲಿ ಅದಕ್ಕೇನು ಬರವೇ?

ಅಂದ್ರೆ ಅಪಾಯ ಇರೋದು ಒಣ ಹೊತ್ತಲ್ಲಿ. ನಾವೋ, ಹನಿ ಬಿದ್ದ ಮೇಲೆ ಆಸರೆ ಹುಡುಕೋ ಜನ.

ಇಂಜಿನಿಯರ್‌ಗಳು ಕೇಳ್ತಿದ್ದೀರಿ ಅಂತ ಒಂದು ಲೆಕ್ಕ. ಪಾಲಿಕೆ ಅನುಮತಿ ಕೊಡ್ತಿದ್ದ ಹೋರ್ಡಿಂಗ್‌ನ ಮಿತಿ 40 ಅಡಿಗೆ 40 ಅಡಿ. ಬಿದ್ದದ್ದು 120ಕ್ಕೆ 120. ಉದ್ದ ಮೂರು ಪಟ್ಟು, ಆದ್ರೆ ವಿಸ್ತೀರ್ಣ ಒಂಬತ್ತು ಪಟ್ಟು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಗಂಟೆಗೆ 60 ಕಿಲೋಮೀಟರ್ ಗಾಳಿ ಅಷ್ಟು ದೊಡ್ಡ ಹಲಗೆಗೆ ನೇರವಾಗಿ ಬಡಿದ್ರೆ ಒರಟು ಲೆಕ್ಕದಲ್ಲಿ 22 ಟನ್ ತಳ್ಳಿದ ಹಾಗೆ. ವೇಗ 90 ಆದ್ರೆ 50 ಟನ್. ಇದನ್ನ ‘ದೇವರ ಆಟ’ ಅನ್ನೋರಿಗೆ ನನ್ನ ಹತ್ರ ಉತ್ತರ ಇಷ್ಟೇ: ವರ್ಗ ಮಾಡೋದನ್ನ ಏಳನೇ ಕ್ಲಾಸಲ್ಲೇ ಕಲಿಸ್ತಾರೆ.

ರಾಡಾರ್ ವಿಷಯ. 2005ರ ಜುಲೈ 26 ನೆನಪಿರೋ ಹಿರಿಯರು ನಿಮ್ಮ ಸೊಸೈಟೀಲೂ ಇರ್ತಾರೆ, ಕೇಳಿ ನೋಡಿ. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ, ಅದೇ ಊರಿನ ಕೊಲಾಬಾದಲ್ಲಿ ಬರೀ 73. ಒಂದೇ ಊರು, ಎರಡು ಆಕಾಶ. ಅದಾದ ಮೇಲೆ ಕೊಲಾಬಾದಲ್ಲಿ ಡಾಪ್ಲರ್ ರಾಡಾರ್ ಬಂತು, 2022ರ ಜನವರಿಯಲ್ಲಿ ಜೋಗೇಶ್ವರಿ ಕಡೆಯ ವೆರಾವಲಿಯಲ್ಲಿ ಎರಡನೆಯದು. ಹವಾಮಾನ ಇಲಾಖೆಯ ಸೈಟಲ್ಲಿ ಇವುಗಳ ಚಿತ್ರ ಯಾರು ಬೇಕಾದ್ರೂ ನೋಡಬಹುದು. ಒಂದೇ ಚಿತ್ರ ನೋಡಿ ಪ್ರಯೋಜನ ಇಲ್ಲ. ಹತ್ತು–ಹದಿನೈದು ನಿಮಿಷ ಬಿಟ್ಟು ಇನ್ನೊಂದು ನೋಡಿ, ಕೆಂಪು ಮಚ್ಚೆ ಯಾವ ಕಡೆ ಎಷ್ಟು ಸರಿದಿದೆ ಅಂತ ಅಳೆಯಿರಿ. ಅರ್ಧ ಗಂಟೆಯಲ್ಲಿ 20 ಕಿಲೋಮೀಟರ್ ಸರಿದಿದ್ರೆ, ಬದ್ಲಾಪುರದ ಮೇಲಿರೋದು ನಿಮ್ಮ ಐರೋಲಿ ಆಫೀಸಿಗೆ ಎಷ್ಟೊತ್ತಿಗೆ ಬರುತ್ತೆ ಅಂತ ನೀವೇ ಹೇಳಬಹುದು. ಗಾಳಿ ಅದಕ್ಕೂ ಸ್ವಲ್ಪ ಮೊದಲೇ ಬರುತ್ತೆ, ಅದನ್ನ ಕಳೆದುಬಿಡಿ.

ಮೇ 13ರಂಥ ದಿನ ಇಲಾಖೆ ಮುಂದಿನ ಮೂರು ಗಂಟೆಗೆ ಅಂತ ಕೊಡೋ ಎಚ್ಚರಿಕೆ ಬಂತು ಅಂದ್ರೆ, ಆ ಹೊತ್ತಲ್ಲಿ ಬೈಕ್ ತೆಗೀಬೇಡಿ. ಕ್ಯಾಬ್ ಬುಕ್ ಮಾಡಿ ಗೇಟಿನ ಹೊರಗಿನ ಮರದ ಕೆಳಗೆ ಕಾಯಬೇಡಿ, ಲಾಬಿಯಲ್ಲೇ ಇರಿ. ದಾರೀಲಿ ಸಿಕ್ಕಿಕೊಂಡ್ರೆ ಹೋರ್ಡಿಂಗ್, ತಗಡಿನ ಶೆಡ್, ಬಿದಿರಿನ ಸಾರವೆ ಇವುಗಳಿಂದ ದೂರ, ಕಾಂಕ್ರೀಟ್ ಕಟ್ಟಡದ ಒಳಗೆ. ಸಿಡಿಲಿಗೆ ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ. ಇಲ್ಲಾಂದ್ರೆ ಮಿಂಚಿಗೂ ಗುಡುಗಿಗೂ ನಡುವೆ ಸೆಕೆಂಡು ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಬಂತಾ, ಟೆರೇಸಿನಿಂದ ಇಳಿದುಬಿಡಿ, ರೀಲ್ಸ್ ಆಮೇಲೆ.

ಇನ್ನೊಂದು ಮಾತು. ಇದೆಲ್ಲ ಮುಂಗಾರಿಗೆ ಮುಂಚಿನ ಲೆಕ್ಕ, ಬಹಳಷ್ಟು ಸಲ ಪೂರ್ವಕ್ಕೆ, ಘಟ್ಟದ ಕಡೆಗೆ ಕಣ್ಣಿಟ್ರೆ ಆಯ್ತು. ಜೂನ್‌ನಲ್ಲಿ ಮಳೆಗಾಲ ಹಿಡಿದ ಮೇಲೆ ಮೋಡ ಸಮುದ್ರದಿಂದ ಬರುತ್ತೆ. ಆಗ ಗಾಳಿಗಿಂತ ಭರತದ ವೇಳೆ ಮುಖ್ಯ, ಹಿಂದ್‌ಮಾತಾ, ಕುರ್ಲಾ, ಅಂಧೇರಿ ಸಬ್‌ವೇ ಇವೆಲ್ಲ ಬೇರೆಯೇ ಕಥೆ. ಅದನ್ನ ಮುಂದಿನ ವಿಡಿಯೊದಲ್ಲಿ ಮಾತಾಡೋಣ.