ಅಂಗಡಿ ಹಿಡಿಯುವ ಮುನ್ನ ಜಾಗ ಅಳೆಯಿರಿ

ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸಂಸಾರಕ್ಕೆ ಆಸರೆಯಾಗಿರುವ ಸಹೋದರಿಯರು ನಮ್ಮಲ್ಲಿ ಬಹಳ. ರಮಝಾನ್ ಬಂತೆಂದರೆ ಬಟ್ಟೆಯ ರಾಶಿ ಮಂಚದ ಮೇಲೂ ಏರುತ್ತದೆ. ಮಕ್ಕಳಿಗೆ ಓದಲು ಮೂಲೆಯಿಲ್ಲ, ಬಂದವರಿಗೆ ಕೂರಲು ಜಾಗವಿಲ್ಲ. ಆಗ 'ಹೊರಗೊಂದು ಅಂಗಡಿ ಹಿಡಿಯೋಣ' ಎನಿಸುವುದು ಸಹಜ. ಆದರೆ ಎಷ್ಟು ದೊಡ್ಡದು?

ಬಾಗಲಕೋಟೆಯ ನವನಗರದಂತಹ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಮುಖ್ಯ. ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಭಾಗಗಳು ಮುಳುಗಡೆಯಾದಾಗ ಸಂತ್ರಸ್ತರಿಗಾಗಿ ಸೆಕ್ಟರ್‌ಗಳಾಗಿ ವಿಂಗಡಿಸಿ ಕಟ್ಟಿದ ಊರಿದು. ಹೊಸ ಜಾಗದಲ್ಲಿ ಗಿರಾಕಿಯನ್ನೂ ಹೊಸದಾಗಿಯೇ ಗಳಿಸಬೇಕು. ಕೈಗೆ ಬಂದ ಪರಿಹಾರದ ಹಣ ಒಮ್ಮೆ ಬರುವಂಥದ್ದು. ಬಾಡಿಗೆ ಮಾತ್ರ ತಿಂಗಳು ತಿಂಗಳು ಹೋಗುವಂಥದ್ದು.

ಇದೇ ಜಿಲ್ಲೆಯ ಇಳಕಲ್‌ನಲ್ಲಿ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಮಗ್ಗಗಳಿರುವ ಮನೆಗಳನ್ನು ನೋಡಿ. ಮಗ್ಗಕ್ಕೆ ಬೇಕಾದ ಉದ್ದಗಲ ಬಿಟ್ಟು ಉಳಿದದ್ದೇ ಮನೆ. ಮೊದಲು ಕೆಲಸದ ಅಳತೆ, ಆಮೇಲೆ ಗೋಡೆ. ನಾವೂ ಹಾಗೆಯೇ ಲೆಕ್ಕ ಹಾಕೋಣ.

ಇಬ್ಬರು ಹೊಲಿಯುವ ಅಂಗಡಿ ಎಂದಿಟ್ಟುಕೊಳ್ಳಿ. ಒಂದು ಯಂತ್ರ, ಕೂರುವ ಸ್ಟೂಲು ಸೇರಿ 4 ಅಡಿ ಅಗಲ, 5 ಅಡಿ ಉದ್ದ ಬೇಕು. ಎರಡಕ್ಕೆ 40 ಚದರ ಅಡಿ. ಬಟ್ಟೆ ಕತ್ತರಿಸುವ ಮೇಜು, ನಿಲ್ಲುವ ಜಾಗ ಸೇರಿ 30. ಇಸ್ತ್ರಿಗೆ 15. ಬಾಗಿಲು ತೆರೆಯುವ ಜಾಗ ಸೇರಿ ಕಪಾಟಿಗೆ 15. ಗಿರಾಕಿ ಕೂರಲು ಹಾಗೂ ಪರದೆಯ ಮರೆಯಲ್ಲಿ ಬಟ್ಟೆ ತೊಟ್ಟು ನೋಡಲು 30. ಒಟ್ಟು 130. ಓಡಾಡಲು ಇನ್ನು 30 ಸೇರಿಸಿದರೆ 160 ಚದರ ಅಡಿ, ಅಂದರೆ 10 ಅಡಿ ಅಗಲ, 16 ಅಡಿ ಉದ್ದದ ಕೋಣೆ.

ಮಾಲೀಕರು 300 ಚದರ ಅಡಿಯ ಮಳಿಗೆ ತೋರಿಸಿದರೆನ್ನಿ. ಚದರ ಅಡಿಗೆ 15 ರೂಪಾಯಿಯಂತೆ ಅದಕ್ಕೆ ತಿಂಗಳಿಗೆ 4,500 ರೂಪಾಯಿ. 160 ಚದರ ಅಡಿಗಾದರೆ 2,400. ವ್ಯತ್ಯಾಸ 2,100 ರೂಪಾಯಿ. ಒಂದು ಜೊತೆ ಬಟ್ಟೆ ಹೊಲಿದರೆ ಖರ್ಚು ಕಳೆದು 150 ರೂಪಾಯಿ ಉಳಿಯುವುದಾದರೆ, ಖಾಲಿ ನೆಲಕ್ಕಾಗಿಯೇ ತಿಂಗಳಿಗೆ 14 ಜೊತೆ ಹೊಲಿಯಬೇಕು!

'ಈದ್ ಸಮಯದಲ್ಲಿ ಜಾಗ ಸಾಲದಲ್ಲ?' ಎಂದು ಕೇಳಬಹುದು. ಒಂದು ತಿಂಗಳ ನೂಕುನುಗ್ಗಲಿಗಾಗಿ ಹನ್ನೊಂದು ತಿಂಗಳು ಹೆಚ್ಚು ಬಾಡಿಗೆ ಕಟ್ಟುವುದು ಜಾಣತನವಲ್ಲ. ಆ ತಿಂಗಳು ಗುಂಡಿ ಹಚ್ಚುವ, ಅಂಚು ಹೊಲಿಯುವ ಕೆಲಸವನ್ನು ಪರಿಚಿತ ಸಹೋದರಿಯರ ಮನೆಗೆ ಕೊಡಿ. ಅವರಿಗೂ ನಾಲ್ಕು ಕಾಸಾಗುತ್ತದೆ.

ಹಾಗೆಂದು ತೀರಾ ಇಕ್ಕಟ್ಟೂ ಬೇಡ. ಇಸ್ತ್ರಿಯ ಪಕ್ಕದಲ್ಲೇ ಬಟ್ಟೆ ರಾಶಿ ಹಾಕಿದರೆ ಅಪಾಯ. ಗಾಳಿ, ಬೆಳಕು, ಹೆಂಗಸರಿಗೆ ಶೌಚಾಲಯ ಇವೆಯೇ ನೋಡಿ. ಮಾಲೀಕರು ಹೇಳುವ ಅಳತೆಯಲ್ಲಿ ಗೋಡೆಯ ದಪ್ಪವೂ ಸೇರಿರಬಹುದು. ಒಳಗಿನಿಂದ ನೀವೇ ಟೇಪು ಹಿಡಿದು ಅಳೆಯಿರಿ.

ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಮನೆಯ ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಆ ಕೋಣೆಯನ್ನು ಪೂರ್ತಿ ಅಳತೆಯಲ್ಲಿ ಬರೆಯಿರಿ. ಯಂತ್ರ, ಮೇಜು, ಕಪಾಟು ಎಲ್ಲವನ್ನೂ ಗುರುತು ಹಾಕಿ, ಇಬ್ಬರು ನಡೆದಾಡಿ ನೋಡಿ. ಮನೆಯ ಮುಂದಿನ ಕೋಣೆಯೇ ಸಾಕೆಂದು ತಿಳಿಯಲೂಬಹುದು. ಆಗ ಉಳಿದ ಬಾಡಿಗೆ ಹಣ ಮಕ್ಕಳ ಫೀಸಿಗಾಯಿತು. ಸಾಲದೆಂದು ತಿಳಿದರೆ, ಎಷ್ಟು ಬೇಕೆಂಬುದು ನಿಮಗೆ ಗೊತ್ತಿರುತ್ತದೆ; ಧೈರ್ಯವಾಗಿ ಮಾತಾಡಿ ಅಂಗಡಿ ಹಿಡಿಯಿರಿ.