ಹಳೆಯ ಜೀಪಿನ ಡೀಸೆಲ್ ಮುಳ್ಳು ಮತ್ತು ಲೆಕ್ಕದ ಪುಸ್ತಕ

ವಾಹನ ವೆಚ್ಚದ ಖಾತೆಯನ್ನು ಪರಿಶೀಲಿಸುವ ಲೆಕ್ಕಪರಿಶೋಧಕನು ಸಾಮಾನ್ಯವಾಗಿ ವೋಚರುಗಳನ್ನು ನೋಡುತ್ತಾನೆಯೇ ಹೊರತು ವಾಹನವನ್ನಲ್ಲ. ಕೆಲವು ವರ್ಷಗಳ ಹಿಂದೆ ಜೀಪಿನ ಆಸನವನ್ನೇ ಎತ್ತಿಸಿ ನೋಡಬೇಕಾದ ಪ್ರಸಂಗವೊಂದು ನನಗೆ ಒದಗಿತು. ಅಮರಗೋಳದ ಮಾರುಕಟ್ಟೆ ಪ್ರಾಂಗಣದ ವರ್ತಕರೊಬ್ಬರು ಕಲಘಟಗಿ, ಅಳ್ನಾವರ ಕಡೆಯ ಹಳ್ಳಿಗಳಿಗೆ ಹೋಗಿಬರಲು ಹಳೆಯ ಡೀಸೆಲ್ ಜೀಪೊಂದನ್ನು ಇಟ್ಟುಕೊಂಡಿದ್ದರು. ಸಂಜೆ ಟ್ಯಾಂಕಿ ತುಂಬಿಸಿದಾಗ ಮೇಲೇರುತ್ತಿದ್ದ ಮುಳ್ಳು ಬೆಳಗಾಗುವಷ್ಟರಲ್ಲಿ ಕಾಲು ಭಾಗಕ್ಕೆ ಇಳಿದಿರುತ್ತಿತ್ತು. ಚಾಲಕನೇ ರಾತ್ರಿ ಡೀಸೆಲ್ ತೆಗೆಯುತ್ತಿದ್ದಾನೆಂದು ನಿಶ್ಚಯಿಸಿದ ಮಾಲೀಕರು, ಅವನ ಸಂಬಳದಲ್ಲಿ ಕಡಿತ ಮಾಡುವ ಮೊತ್ತವನ್ನು ಯಾವ ಖಾತೆಗೆ ಜಮಾ ಮಾಡಬೇಕೆಂದು ನನ್ನನ್ನು ಕೇಳಿದರು.

ಖಾತೆಯ ಪ್ರಶ್ನೆ ಆಮೇಲಿನದು. ನೌಕರನಿಗೆ ತನ್ನ ಸಮಜಾಯಿಷಿ ನೀಡುವ ಅವಕಾಶ ಕೊಡದೆ ನಷ್ಟದ ಬಾಬ್ತು ವೇತನ ಕಡಿತ ಮಾಡಲು 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ ಅವಕಾಶವಿರಲಿಲ್ಲ, 2019ರ ವೇತನ ಸಂಹಿತೆಯಲ್ಲಿಯೂ ಇಲ್ಲ. ಆದ್ದರಿಂದ ಮೊದಲು ಚಾಲಕನ ಲಾಗ್ ಪುಸ್ತಕವನ್ನು ತರಿಸಿದೆನು. ಒಮ್ಮೆ ಟ್ಯಾಂಕಿ ಪೂರ್ತಿ ತುಂಬಿಸಿದಲ್ಲಿಂದ ಮತ್ತೊಮ್ಮೆ ಪೂರ್ತಿ ತುಂಬಿಸುವವರೆಗೆ ಓಡಿದ್ದು 352 ಕಿಲೋಮೀಟರು, ಹಾಕಿದ್ದು 32 ಲೀಟರು. ಅಂದರೆ ಲೀಟರಿಗೆ 11 ಕಿಲೋಮೀಟರು. ಮುಳ್ಳಿನ ಈ ಆಟ ಆರಂಭವಾಗುವ ಮೊದಲಿನ ತಿಂಗಳುಗಳಲ್ಲಿಯೂ ಸರಾಸರಿ ಅಷ್ಟೇ ಇದ್ದಿತು. ಡೀಸೆಲ್ ಹೊರಗೆ ಹೋಗುತ್ತಿದ್ದರೆ ಈ ಸರಾಸರಿ ಕುಸಿಯಲೇಬೇಕಾಗಿತ್ತು. ಕುಸಿದಿರಲಿಲ್ಲವಾದ್ದರಿಂದ ಸಂಶಯವು ಮನುಷ್ಯನನ್ನು ಬಿಟ್ಟು ಯಂತ್ರದ ಕಡೆಗೆ ತಿರುಗಿತು.

ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಮುಂಬಯಿಯಲ್ಲಿ ಆರಂಭಿಸಿದ ಕಾಲದಿಂದ ಈ ಬಗೆಯ ವಾಹನಗಳಲ್ಲಿ ಇಂಧನ ತೋರಿಸುವ ವ್ಯವಸ್ಥೆ ಸರಳವಾದದ್ದೇ. ಟ್ಯಾಂಕಿಯೊಳಗೆ ಒಂದು ಫ್ಲೋಟು ತೇಲುತ್ತಿರುತ್ತದೆ. ಅದಕ್ಕೆ ಕೂಡಿಸಿದ ಕಡ್ಡಿಯು ಮೇಲೆ ಕೆಳಗೆ ಆಡಿದಂತೆ ತಂತಿಯ ಸುರುಳಿಯ ಮೇಲೆ ಒಂದು ಲೋಹದ ನಾಲಿಗೆ ಸರಿದು ವಿದ್ಯುತ್ ಪ್ರತಿರೋಧವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಡ್ಯಾಶ್‌ಬೋರ್ಡಿನ ಮೀಟರಿನಿಂದ ಬರುವ ಒಂದೇ ವೈರು ಇದಕ್ಕೆ ಕೂಡಿರುತ್ತದೆ. ಸರ್ಕೀಟು ಪೂರ್ತಿಯಾಗುವುದು ಟ್ಯಾಂಕಿ ಮತ್ತು ಬಾಡಿಯ ಮೂಲಕ, ಅಂದರೆ ಅರ್ಥ್ ಮೂಲಕ. ಹೀಗಾಗಿ ಮುಳ್ಳು ತೋರಿಸುವುದು ಲೀಟರನ್ನಲ್ಲ, ಪ್ರತಿರೋಧವನ್ನು. ಜೀಪು ಇಳಿಜಾರಿನಲ್ಲಿ ನಿಂತರೂ ಮುಳ್ಳು ಬದಲಾಗುವುದು ಇದೇ ಕಾರಣದಿಂದ, ಫ್ಲೋಟು ನಿಂತ ಕಡೆಯ ಮಟ್ಟವನ್ನಷ್ಟೇ ಅದು ಬಲ್ಲದು.

ದೋಷ ಹುಡುಕುವಾಗ ಮೀಟರನ್ನು ಬದಲಿಸುವುದರಿಂದ ಆರಂಭಿಸುವವರೇ ಹೆಚ್ಚು. ಅದು ದುಬಾರಿ ಕ್ರಮ. ಮೊದಲು ಫ್ಯೂಸು ನೋಡಬೇಕು. ಇಂಧನದ ಮುಳ್ಳಿನ ಜೊತೆಗೆ ಉಷ್ಣತೆಯ ಮುಳ್ಳೂ ತಪ್ಪು ತೋರಿಸುತ್ತಿದ್ದರೆ, ಎರಡಕ್ಕೂ ಸಮಾನವಾದ ಭಾಗವನ್ನು, ಅಂದರೆ ವಿದ್ಯುತ್ ಬರುವ ವೈರು, ಮೀಟರಿನ ಅರ್ಥ್, ಕೆಲವು ಮಾದರಿಗಳಲ್ಲಿ ಮೀಟರುಗಳ ಹಿಂದೆ ಇರುವ ವೋಲ್ಟೇಜ್ ಸ್ಟೆಬಿಲೈಜರನ್ನು, ಶಂಕಿಸಬೇಕು. ಇಂಧನದ ಮುಳ್ಳೊಂದೇ ಕೆಟ್ಟಿದ್ದರೆ ಟ್ಯಾಂಕಿಯ ಕಡೆಗೆ ಹೋಗುವುದು ಸರಿ. ಸಿಜೆ-3ಬಿ ನಮೂನೆಯ ಜೀಪುಗಳಲ್ಲಿ ಟ್ಯಾಂಕಿಯು ಚಾಲಕನ ಆಸನದ ಕೆಳಗಿರುವುದರಿಂದ ಕೆಲಸ ಸುಲಭ.

ಟ್ಯಾಂಕಿಯ ಮೇಲಿನ ಯೂನಿಟ್ಟಿನಿಂದ ವೈರನ್ನು ಬಿಡಿಸಿ ಚಾವಿ ಹಾಕಿದಾಗ ಮುಳ್ಳು ಒಂದು ತುದಿಗೆ ಹೋಗಬೇಕು; ಅದೇ ವೈರನ್ನು ಟ್ಯಾಂಕಿಯಿಂದ ದೂರದಲ್ಲಿ, ಚಾಸಿಯ ಸ್ವಚ್ಛವಾದ ಲೋಹಕ್ಕೆ ಕ್ಷಣಕಾಲ ಮುಟ್ಟಿಸಿದಾಗ ಇನ್ನೊಂದು ತುದಿಗೆ ಬರಬೇಕು. ಬಹಳ ಹೊತ್ತು ಹಿಡಿದರೆ ಕೆಲವು ಮೀಟರುಗಳು ಸುಟ್ಟುಹೋಗುವುದುಂಟು. ಎರಡೂ ತುದಿಗೆ ಆಡಿದರೆ ಮೀಟರು ಮತ್ತು ವೈರು ನಿರ್ದೋಷಿಗಳು. ಆಡದಿದ್ದರೆ ವೈರು ಎಲ್ಲಿಯೋ ತುಂಡಾಗಿದೆ, ಬಾಡಿಗೆ ತಗುಲಿದೆ, ಇಲ್ಲವೆ ಮೀಟರೇ ಕೆಟ್ಟಿದೆ.

ನಮ್ಮ ಜೀಪಿನಲ್ಲಿ ಮುಳ್ಳು ಚೆನ್ನಾಗಿಯೇ ಆಡಿತು. ಮುಂದಿನ ಶಂಕೆ ಅರ್ಥ್ ಮೇಲೆ. ಎರೆಮಣ್ಣಿನ ರಾಡಿ ಮತ್ತು ಮಳೆಗಾಲದ ತೇವದಿಂದ ಟ್ಯಾಂಕಿಯ ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಮೇಲಾಗಿ ಬಣ್ಣ ಬಳಿದವರು ಲೋಹದ ಸಂಪರ್ಕವನ್ನೇ ಮುಚ್ಚಿಬಿಟ್ಟಿರುತ್ತಾರೆ. ಯೂನಿಟ್ಟಿನ ಬಾಡಿಯಿಂದ ಚಾಸಿಗೆ ಒಂದು ಪ್ರತ್ಯೇಕ ವೈರು ಕೂಡಿಸಿ ನೋಡಿದರೆ ಈ ದೋಷ ಗೊತ್ತಾಗುತ್ತದೆ. ಕೂಡಿಸಿದರೂ ಬದಲಾವಣೆ ಕಾಣಲಿಲ್ಲ.

ಕೊನೆಗೆ ಆಟೋ ಇಲೆಕ್ಟ್ರಿಷಿಯನ್ನರು ಬ್ಯಾಟರಿಯ ಸಂಪರ್ಕ ಕಳಚಿ, ಬಯಲಿನಲ್ಲಿ ನಿಲ್ಲಿಸಿ ಯೂನಿಟ್ಟನ್ನು ಹೊರತೆಗೆದರು. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿದರೆ ಒಳಗೆ ಡೀಸೆಲ್ ಸದ್ದು ಮಾಡಿತು. ಬಿಸಿನೀರಿನಲ್ಲಿ ಮುಳುಗಿಸಿದಾಗ ಬೆಸುಗೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಎದ್ದವು. ಸೂಜಿಮೊನೆಯಷ್ಟು ರಂಧ್ರ! ಟ್ಯಾಂಕಿ ತುಂಬಿದ ಹೊಸತರಲ್ಲಿ ಫ್ಲೋಟು ತೇಲುವುದು, ರಾತ್ರಿಯಿಡೀ ಡೀಸೆಲ್ ಕುಡಿದು ಭಾರವಾಗಿ ಬೆಳಿಗ್ಗೆ ಮುಳುಗುವುದು. ಟ್ಯಾಂಕಿ ಖಾಲಿಯಾಗುತ್ತ ಬಂದಾಗ ಒಳಗಿನದು ಮೆಲ್ಲಗೆ ಸೋರಿಹೋಗಿ ಮರುದಿನ ಮತ್ತೆ ಅದೇ ನಾಟಕ. ಇಂಥ ಫ್ಲೋಟಿಗೆ ಒಳಗಿನ ಇಂಧನವನ್ನು ಸಂಪೂರ್ಣ ತೆಗೆಯದೆ ಬೆಸುಗೆ ಹಾಕುವುದು ಅಪಾಯಕರ, ಬದಲಿಸುವುದೇ ಲೇಸು.

ಬದಲಿಸುವಾಗ ಒಂದು ಎಚ್ಚರಿಕೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಯಾವುದೋ ಯೂನಿಟ್ಟು ರಂಧ್ರಗಳಿಗೆ ಸರಿಹೊಂದಿದ ಮಾತ್ರಕ್ಕೆ ಮೀಟರಿಗೆ ಹೊಂದುವುದಿಲ್ಲ. ಕೆಲವು ಕಂಪನಿಗಳಲ್ಲಿ ಟ್ಯಾಂಕಿ ತುಂಬಿದಾಗ ಪ್ರತಿರೋಧ ಹೆಚ್ಚು, ಕೆಲವರಲ್ಲಿ ಕಡಿಮೆ. ಬೆರೆಸಿದರೆ ತುಂಬಿದ ಟ್ಯಾಂಕಿ ಖಾಲಿಯೆಂದು ತೋರುವುದು. ಮಲ್ಟಿಮೀಟರಿನಿಂದ ಎರಡೂ ತುದಿಯ ಓಮ್ ಅಳೆದು, ನಡುವೆ ಎಲ್ಲಿಯೂ ಜಿಗಿಯುವುದಿಲ್ಲವೆಂದು ನೋಡಿಕೊಂಡು ಕೂಡಿಸಬೇಕು. ಪ್ಯಾಕಿಂಗು ಹೊಸದಿರಲಿ.

ಹೊಂದುವ ಯೂನಿಟ್ಟು ಸಿಗುವವರೆಗೆ ನಮ್ಮ ವರ್ತಕರು ಅಳತೆಕೋಲಿನಿಂದ ಕೆಲಸ ನಡೆಸಿದರು. ಸಮತಟ್ಟಾದ ನೆಲದಲ್ಲಿ ಖಾಲಿ ಟ್ಯಾಂಕಿಗೆ ಐದೈದು ಲೀಟರು ಹಾಕುತ್ತ ಮರದ ಕೋಲಿನ ಮೇಲೆ ಗೆರೆ ಕೊರೆದರಾಯಿತು. ಡೀಸೆಲ್ ಜೀಪಿಗೆ ಇದು ಸಣ್ಣ ಮಾತಲ್ಲ. ಇಂಧನ ಪೂರ್ತಿ ಮುಗಿದರೆ ಪೈಪಿನಲ್ಲಿ ಗಾಳಿ ಸೇರಿ, ಮತ್ತೆ ಡೀಸೆಲ್ ಹಾಕಿದರೂ ಗಾಳಿ ತೆಗೆಯುವವರೆಗೆ ಎಂಜಿನ್ ಹೊರಡದು.

ಫ್ಲೋಟಿನ ವೆಚ್ಚವನ್ನು ವಾಹನ ದುರಸ್ತಿ ಖಾತೆಗೆ ಖರ್ಚು ಬರೆದೆವು. ಚಾಲಕನ ಸಂಬಳದಿಂದ ಜಮಾ ಮಾಡುವುದೇನೂ ಉಳಿಯಲಿಲ್ಲ. ಮಾಲೀಕರು ಅವನನ್ನು ಕಚೇರಿಗೆ ಕರೆದು, ತಳದಲ್ಲಿ ರಂಧ್ರವಿದ್ದ ಆ ಫ್ಲೋಟನ್ನು ಮೇಜಿನ ಮೇಲಿಟ್ಟು ತೋರಿಸಿದರು. ಲಾಗ್ ಪುಸ್ತಕದಲ್ಲಿ ಅಂದಿನಿಂದ ಪ್ರತಿ ಬಾರಿ ಮೀಟರಿನ ಕಿಲೋಮೀಟರು, ಪಂಪಿನ ಬಿಲ್ಲಿನ ಲೀಟರು ಮತ್ತು ಟ್ಯಾಂಕಿ ಪೂರ್ತಿ ತುಂಬಿತೋ ಇಲ್ಲವೋ ಎಂಬ ಮೂರು ಕಾಲಮುಗಳಿವೆ. ಮುಳ್ಳಿಗೆ ಕಾಲಮು ಇಲ್ಲ.