ಹಂಡೆ ಸೋರಿತು, ಮೀಟರು ಬೆದರಿಸಿತು

ಶಿವಮೊಗ್ಗ: ನೀರು ತುಂಬುವ ಹಬ್ಬದ ದಿನವೇ ಹಂಡೆ ಸೋರಬೇಕೆ?

2025ರ ದೀಪಾವಳಿಯಲ್ಲಿ ಗಾಂಧಿ ಬಜಾರಿನ ಕಿರಾಣಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಆದದ್ದು ಇದೇ. ಹುಣಿಸೆಹಣ್ಣು ಹಾಕಿ ಫಳಫಳ ತಿಕ್ಕಿದ ತಾಮ್ರದ ಹಂಡೆ. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ. ಸಂಜೆ ಕಂಠಮಟ್ಟ ನೀರು ತುಂಬಿಸಿ ಪೂಜೆಯೂ ಆಯಿತು. ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಬಂದವರು ಕಂಡದ್ದು ಅರ್ಧ ಖಾಲಿಯಾದ ಹಂಡೆ, ಒದ್ದೆಯಾಗಿ ಹೊಗೆಯಾಡುವ ಒಲೆ! ಅಡಿಯಲ್ಲಿ ಕಾಸಿನಗಲದ ತೂತು.

ಅವತ್ತು ಗ್ಯಾಸ್ ಒಲೆಯ ಮೇಲೆ ಪಾತ್ರೆ ಪಾತ್ರೆ ಕಾಯಿಸಿ ಐದು ಜನರ ಅಭ್ಯಂಜನ ಮುಗಿಯುವಾಗ ಗಂಟೆ ಹತ್ತು.

ಹಂಡೆ ಹೋಯಿತು ಸರಿ, ಮುಂದೇನು? ಮೊದಲ ಸಲಹೆ ಬೆಂಗಳೂರಿನ ತಮ್ಮನದು. "ಅಣ್ಣ, ಗ್ಯಾಸ್ ಗೀಸರ್ ಹಾಕ್ಸಿಬಿಡು, ಅಗ್ಗ, ಅರ್ಧ ದುಡ್ಡು ನಾನು ಕಳಿಸ್ತೀನಿ." ಅಗ್ಗ ನಿಜ. ಆದರೆ ಇವರ ಬಚ್ಚಲಿಗೆ ಇರೋದು ಅಂಗೈಯಗಲದ ಒಂದು ಬೆಳಕಿಂಡಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಒಳಗಿನ ಗಾಳಿ ಕೆಡುತ್ತದೆ, ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿದು ಬೀಳುತ್ತಾರೆ. ಚಿಲಕ ಹಾಕಿದ ಬಾಗಿಲು, ಒಳಗೆ ನಲ್ಲಿ ಸುರಿಯುವ ಸದ್ದು... ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಈ ರಾಜ್ಯದಲ್ಲೇ ಹೀಗೆ ಹೋದ ಜೀವಗಳು ಒಂದೆರಡಲ್ಲ. ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಅದನ್ನು ಬಚ್ಚಲ ಹೊರಗೆ, ಗಾಳಿಯಾಡುವಲ್ಲಿ ಕೂರಿಸಿ ಕೊಳವೆಯಲ್ಲಿ ನೀರು ತರಬೇಕು. ಇವರ ಮನೆಯಲ್ಲಿ ಅಂಥ ಜಾಗವಿಲ್ಲ.

"ಬೇಡ ಕಣೋ, ಕಂಬಳಿ ಹೊದ್ದು ತಣ್ಣೀರಲ್ಲೇ ಮೀಯ್ತೀನಿ" ಎಂದರು ಮನೆಯ ಹಿರಿಯಮ್ಮ. ಎಂಬತ್ತರ ಜೀವ.

ಸರಿ, ಕರೆಂಟಿನ ಗೀಸರ್? ಇಲ್ಲಿ ವ್ಯಾಪಾರಿ ಬುದ್ಧಿ ಜಾಗೃತವಾಯಿತು. ಯಜಮಾನರು ಪೊಟ್ಟಣ ಕಟ್ಟುವ ಕಾಗದದ ಮೇಲೇ ಲೆಕ್ಕ ಹಾಕಿದರು. ಒಂದು ಬಕೆಟ್ ಬಿಸಿನೀರಿಗೆ ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಐದು ಜನಕ್ಕೆ ದಿನಕ್ಕೆ ಎರಡೂವರೆ, ಮೂರು. ತಿಂಗಳಿಗೆ ಎಂಬತ್ತು ಅನ್ನಿ.

ಇನ್ನು ಗೃಹಜ್ಯೋತಿ. 2023ರಲ್ಲಿ ಯೋಜನೆ ಬಂದಾಗ 2022-23ರ ಸರಾಸರಿ ಬಳಕೆ ನೋಡಿ, ಮೇಲೆ ಶೇಕಡಾ 10 ಸೇರಿಸಿ ಪುಕ್ಕಟೆ ಯೂನಿಟ್ ಗೊತ್ತು ಮಾಡಿದರು. ಆಗ ಈ ಮನೆಯಲ್ಲಿ ನೀರು ಕಾಯುತ್ತಿದ್ದದ್ದು ಕರಟ, ಸೌದೆಯಲ್ಲಿ. ಸರಾಸರಿ 120, ಪುಕ್ಕಟೆ 132. ಇಷ್ಟು ದಿನ ಸೊನ್ನೆ ಬಿಲ್ಲು. ಈಗ 120ಕ್ಕೆ 80 ಸೇರಿಸಿ. ನೆಟ್ಟಗೆ 200!

200ರ ಒಳಗಿದ್ದರೆ 132ರ ಮೇಲಿನ 68 ಯೂನಿಟ್‌ಗೆ ಮಾತ್ರ ದುಡ್ಡು. 2025ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ 5 ರೂ. 80 ಪೈಸೆ ದರದಲ್ಲಿ 394 ರೂಪಾಯಿ ಚಿಲ್ಲರೆ. ನೆಂಟರು ಬಂದು ಇನ್ನೆರಡು ಬಕೆಟ್ ನೀರು ಕಾದು 201 ಆಯಿತೋ, ಪುಕ್ಕಟೆಯೇ ಇಲ್ಲ, ಪೂರಾ ಬಿಲ್ಲು ನಿಮ್ಮದು. ಯೂನಿಟ್ ಬಾಬ್ತೇ 1,165 ರೂ. ನಿಗದಿ ಶುಲ್ಕ, ತೆರಿಗೆ ಬೇರೆ. ಗೀಸರಿನ ಬೆಲೆ ಅಂಗಡಿಯಲ್ಲಿ ಒಂದೇ ಸಲ, ಮೆಸ್ಕಾಂಗೆ ತಿಂಗಳು ತಿಂಗಳು.

ಉಳಿದದ್ದು ಸೋಲಾರ್. "ಅದಕ್ಕೆ ಮೋದಿ 78 ಸಾವಿರ ಕೊಡ್ತಾರಂತಲ್ರೀ" ಎಂದರು ಪಕ್ಕದ ಬಟ್ಟೆ ಅಂಗಡಿಯವರು. ಈ ಗೊಂದಲ ಬಹಳ ಜನಕ್ಕಿದೆ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಸಹಾಯಧನ ಕರೆಂಟು ಹುಟ್ಟಿಸುವ ಫಲಕಕ್ಕೆ, ಅದೂ 78 ಸಾವಿರ ಬೇಕಾದರೆ ಮೂರು ಕಿಲೋವ್ಯಾಟ್ ಹಾಕಿಸಬೇಕು. ನೀರು ಕಾಯಿಸುವ ಸೋಲಾರಿಗೆ ಅದರಲ್ಲಿ ಬಿಡಿಗಾಸಿಲ್ಲ. ಒಂದೇ ಸಮಾಧಾನ: 2025ರ ಸೆಪ್ಟೆಂಬರ್ 22ರಿಂದ ಇದರ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಕರೆಂಟ್ ಗೀಸರಿಗೆ ಶೇ. 18.

ಅಂಗಡಿಯವನು ಹೇಳಿದ ಬೆಲೆ 22 ಸಾವಿರ. ಅರ್ಧ ತಮ್ಮ ಕಳಿಸಿದ. ಉಳಿದರ್ಧಕ್ಕೆ ಹಂಡೆ ಮಾರೋಣವೆಂದು ಗುಜರಿಯವನನ್ನು ಕರೆಸಿದರು. ತೂಗಿದರೆ 11 ಕಿಲೋ. ಆತ ಮಸಿಗೆ ಇಷ್ಟು, ಹಳೇ ಬೆಸುಗೆಗೆ ಇಷ್ಟು ಎಂದು ಒಂದು ಕಿಲೋ ಹಾರಿಸಿದ. ಹಿರಿಯಮ್ಮ ಜಗಲಿಯಿಂದ ಎದ್ದೇ ಬಂದರು.

"ನಮ್ಮಪ್ಪ ಕೊಡ್ಸುವಾಗ ಮಸಿ ಇರ್ಲಿಲ್ಲ ಕಣಪ್ಪ. ತಿಕ್ಕಿ ಕೊಡ್ತೀನಿ, ಕೂತ್ಕೊ."

ಗುಜರಿಯವನು ಕೂರಲಿಲ್ಲ, ತಕ್ಕಡಿ ಎತ್ತಿಕೊಂಡು ಹೊರಟ. ಯಜಮಾನರು ಮರುದಿನ ಒಂದೂವರೆ ಸಾವಿರ ಬಿಟ್ಟುಕೊಟ್ಟು ಚೀಟಿ ಎತ್ತಿದರು. ಹದಿನೈದು ದಿನದಲ್ಲಿ ಸೋಲಾರ್ ತಾರಸಿ ಏರಿತು.

ಹಂಡೆಯೂ ಮನೆಯಲ್ಲೇ ಇದೆ, ತಳಕ್ಕೆ ಹೊಸ ತೇಪೆ ಹಾಕಿಸಿಕೊಂಡು. ಜೂನ್ ಬಂತೆಂದರೆ ಶಿವಮೊಗ್ಗದ ಮಳೆಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ ತಾನೆ? ಹಿರಿಯಮ್ಮ ಈಗಿಂದಲೇ ಕರಟ ಕೂಡಿಡುತ್ತಿದ್ದಾರೆ. ಹಿಂದೆ ಹೋಟೆಲಿನವರು ಪುಕ್ಕಟೆ ಕೊಡುತ್ತಿದ್ದ ಕರಟಕ್ಕೆ ಇದ್ದಿಲು ವ್ಯಾಪಾರದವರು ಬೆಲೆ ಕಟ್ಟುವ ಕಾಲ ಇದು. ಚೀಲ ಮಂಚದ ಕೆಳಗೇ ಇದೆ.